ಹಾಸಿಗೆಗೊಂದು ಪರೀಕ್ಷೆ

(ಚಿತ್ರದುರ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ದಾನಿಗಳು ಹಾಕಿದ ಷರತ್ತು ಒಂದೇ: ಮಾತು ಸರ್ಕಾರಿ ಶಾಲೆಯ ಬಗ್ಗೆ ಇರಬೇಕು. ಅವರ ತಂದೆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲೇ ಸೇವೆ ಮುಗಿಸಿದ ಮೇಷ್ಟ್ರು. ಷರತ್ತು ಸುಲಭದ್ದು ಅನ್ನಿಸಿತು. ಆದರೆ ಯಾವ ಸರ್ಕಾರಿ ಶಾಲೆ ಎಂದು ಯೋಚಿಸತೊಡಗಿದಾಗ ತೊಡಕು ಶುರುವಾಯಿತು. ಈಗ ನಮ್ಮಲ್ಲಿ ಸರ್ಕಾರಿ ಶಾಲೆ ಎಂಬುದು ಒಂದೇ ಜಾತಿಯ ವಸ್ತುವಾಗಿ ಉಳಿದಿಲ್ಲ. ಯಾರು ಬಂದರೂ ಹೆಸರು ಬರೆದುಕೊಳ್ಳುವ ಶಾಲೆ ಒಂದು ಕಡೆ. ಪರೀಕ್ಷೆ ಬರೆಸಿ, ಅಂಕ ನೋಡಿ, ಪಟ್ಟಿ ಅಂಟಿಸಿ ಕರೆದುಕೊಳ್ಳುವ ಶಾಲೆ ಇನ್ನೊಂದು ಕಡೆ. ಎರಡಕ್ಕೂ ದುಡ್ಡು ಸರ್ಕಾರಿ ಖಜಾನೆಯದೇ.

ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ನಿವೃತ್ತಿಯಾದ ಮೇಲೂ ಮನೆ ಬಾಗಿಲಿಗೆ ಜನ ಬರುತ್ತಾರೆ. ಮೊದಲೆಲ್ಲ ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ ಅಂತ ಬರುತ್ತಿದ್ದರು. ಈಗ ಚಳಿಗಾಲ ಬಂತೆಂದರೆ ಒಂದೇ ಪ್ರಶ್ನೆ: “ಸಾ, ನಮ್ ಹುಡ್ಗಂಗೆ ಮುರಾರ್ಜಿ ಆಗ್ತದಾ?” ಈ ಪ್ರಶ್ನೆಯ ಹಿಂದಿರುವ ರಾಜಕಾರಣ, ಲೆಕ್ಕಾಚಾರ, ಆಸೆ ಇವೇ ಇವತ್ತಿನ ವಿಷಯ.

ಮೊದಲು ಶಾಲೆಗಳ ಪರಿಚಯ ಮಾಡಿಕೊಳ್ಳೋಣ. ಕೇಂದ್ರದ್ದು ಜವಾಹರ್ ನವೋದಯ. ನಮ್ಮ ಜಿಲ್ಲೆಯದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿದೆ. ಇಡೀ ಜಿಲ್ಲೆಗೆ ಅದೊಂದೇ. ಆರನೇ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ರಾಜ್ಯದ ವಸತಿ ಶಾಲೆಗಳು ಇನ್ನೊಂದು ಬಗೆ: ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್, ಇಂದಿರಾ ಗಾಂಧಿ, ಅಟಲ್ ಬಿಹಾರಿ ವಾಜಪೇಯಿ, ನಾರಾಯಣ ಗುರು, ಸಂಗೊಳ್ಳಿ ರಾಯಣ್ಣ. ಸರ್ಕಾರ ಬದಲಾದಂತೆ ಕಮಾನಿನ ಮೇಲೆ ಹೊಸ ಹೆಸರು ಬರುತ್ತದೆ, ಒಳಗಿನ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ. ಇವನ್ನೆಲ್ಲ ನಡೆಸುವುದು 1999ರಲ್ಲಿ ಹುಟ್ಟಿದ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ, ನಮ್ಮ ಬಾಯಲ್ಲಿ ‘ಕ್ರೈಸ್’. ರಾಜ್ಯದಲ್ಲಿ ಇಂಥ ಶಾಲೆಗಳು 800ಕ್ಕೂ ಹೆಚ್ಚಿವೆ. ತರಗತಿಗೆ 50 ಮಕ್ಕಳು, ಆರರಿಂದ ಹತ್ತರವರೆಗೆ ಒಟ್ಟು 250. ಮೂರನೆಯದು ಆದರ್ಶ ವಿದ್ಯಾಲಯ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದು ಬಂದ ಈ ಇಂಗ್ಲಿಷ್ ಮಾಧ್ಯಮದ ಶಾಲೆಗಳು ರಾಜ್ಯದಲ್ಲಿ 74. ಇವಕ್ಕೆ ವಸತಿ ಇಲ್ಲ, ಆದರೆ ಪ್ರವೇಶ ಪರೀಕ್ಷೆ ಇದೆ.

ಮೂರಕ್ಕೂ ಬಾಗಿಲು ಒಂದೇ. ಐದನೇ ಕ್ಲಾಸಿನ ಮಗು ಒಎಂಆರ್ ಹಾಳೆಯಲ್ಲಿ ಪೆನ್ನು ಹಿಡಿದು ವೃತ್ತ ತುಂಬಬೇಕು. ಕ್ರೈಸ್ ಶಾಲೆಗಳ ಪರೀಕ್ಷೆ ನಡೆಸುವುದು ಎಂಜಿನಿಯರಿಂಗಿಗೆ ಸಿಇಟಿ ಮಾಡುವ ಅದೇ ಪರೀಕ್ಷಾ ಪ್ರಾಧಿಕಾರ. ರ‍್ಯಾಂಕು ಬರುತ್ತದೆ, ಸೀಟು ಹಂಚಿಕೆಯ ಸುತ್ತುಗಳು ನಡೆಯುತ್ತವೆ. ಹತ್ತು ವರ್ಷದ ಮಗುವಿನ ಅಪ್ಪ ಸೈಬರ್ ಸೆಂಟರಿನಲ್ಲಿ ಕುಳಿತು, ಎರಡನೇ ಸುತ್ತಿನಲ್ಲಿ ಏನಾದರೂ ಸಿಕ್ಕೀತೇ ಎಂದು ಪರದೆ ನೋಡುತ್ತಾನೆ.

ಈ ಶಾಲೆಗಳು ಇನ್ನಷ್ಟು ಬೇಕು ಎನ್ನುವವರ ಮಾತನ್ನು ಮೊದಲು ಪೂರ್ತಿಯಾಗಿ ಕೇಳಬೇಕು. ಅವರಲ್ಲಿ ಬಹುಪಾಲು ಜನ ಅನುಭವದಿಂದ ಮಾತಾಡುವವರು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದು 625ಕ್ಕೆ 625 ತೆಗೆದವಳು ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಳ್ಳುವ ಶಾಲೆಗಳೆಲ್ಲ ಹಿಂದೆ ಉಳಿದವು. ಆ ಸುದ್ದಿ ಬಂದ ದಿನ ನಮ್ಮ ಕಡೆಯ ಹಟ್ಟಿಗಳಲ್ಲಿ, ತಾಂಡಾಗಳಲ್ಲಿ ಎಷ್ಟು ಮನೆಗಳಲ್ಲಿ ಆಸೆ ಚಿಗುರಿರಬಹುದು! ಹೊಸದುರ್ಗ ಸೀಮೆಯ ಗೊಲ್ಲರಹಟ್ಟಿಯಿಂದ ಬಂದ ಒಂದು ಹೆಣ್ಣುಮಗು ಆರರಿಂದ ಹತ್ತರವರೆಗೆ ಮೂರು ಹೊತ್ತು ಊಟ, ಸೋಪು, ಪುಸ್ತಕ, ಮಂಚ, ಸಂಜೆ ಓದಲು ಲೈಟು, ಪಕ್ಕದಲ್ಲಿ ಓದುವ ಗೆಳತಿಯರನ್ನು ಪಡೆಯುವುದೆಂದರೆ ಸಣ್ಣ ಮಾತಲ್ಲ. ಮುಟ್ಟಿನ ದಿನಗಳಲ್ಲಿ ಊರಾಚೆಯ ಗುಡಿಸಲಿಗೆ ಹೋಗುವ ಪದ್ಧತಿ ಇನ್ನೂ ಪೂರಾ ಸತ್ತಿಲ್ಲದ ಕಡೆ, ಹಾಸ್ಟೆಲ್ಲಿನ ಕೋಣೆ ಆ ಮಗುವಿಗೆ ಪಾಠಕ್ಕಿಂತ ದೊಡ್ಡ ಶಿಕ್ಷಣ ಕೊಡುತ್ತದೆ. ಮದುವೆ ಮಾತು ಐದು ವರ್ಷ ಮುಂದಕ್ಕೆ ಹೋಗುತ್ತದೆ. ಇದನ್ನು ಕಣ್ಣಾರೆ ಕಂಡವನು ವಸತಿ ಶಾಲೆ ಬೇಡ ಎನ್ನಲಾರ. ನಾನೂ ಅನ್ನುವುದಿಲ್ಲ.

ನನ್ನ ತಕರಾರು ಇರುವುದು ಆ ಹಾಸಿಗೆಗೆ ಪರೀಕ್ಷೆ ಇಟ್ಟಿರುವುದರ ಬಗ್ಗೆ.

ತಾಲ್ಲೂಕು ಕೇಂದ್ರವೊಂದರಲ್ಲಿ ಅಂಗಡಿ ಸಾಲಿನ ಮೇಲಂತಸ್ತಿನಲ್ಲಿ ನಡೆಯುವ ಕೋಚಿಂಗ್ ಕ್ಲಾಸಿಗೆ ಪರಿಚಯದವರೊಬ್ಬರು ಕರೆದುಕೊಂಡು ಹೋಗಿದ್ದರು. ಕೆಳಗೆ ಗೊಬ್ಬರದಂಗಡಿ, ಮೇಲೆ ಮೂವತ್ತು ನಲವತ್ತು ಮಕ್ಕಳು. ನಾಲ್ಕನೇ ಕ್ಲಾಸಿನವರೂ ಇದ್ದರು. ಮೇಷ್ಟ್ರು ಹಲಗೆಯ ಮೇಲೆ ಒಂದು ಆಕೃತಿ ಬರೆದು, ಪಕ್ಕದಲ್ಲಿ ಕನ್ನಡಿಯ ಗೆರೆ ಎಳೆದು, ಉತ್ತರದ ನಾಲ್ಕು ಆಯ್ಕೆಗಳನ್ನು ಬರೆದು ಮುಗಿಸುವುದರೊಳಗೆ ಮುಂದಿನ ಸಾಲಿನ ಹುಡುಗಿ “ಬಿ ಸಾರ್” ಅಂದಳು. ಹೇಗೆ ಗೊತ್ತಾಯಿತಮ್ಮಾ ಅಂದೆ. “ಎಡ ಬಲ ಉಲ್ಟಾ, ಮೇಲೆ ಕೆಳಗೆ ಹಂಗೇ ಇರುತ್ತೆ ಸಾರ್” ಅಂದಳು. ಸರಿ, ಕನ್ನಡಿಯನ್ನು ಪಕ್ಕದಲ್ಲಿ ಇಡದೆ ಕೆಳಗೆ ಇಟ್ಟರೆ? ಮಗು ನನ್ನನ್ನು ಕನಿಕರದಿಂದ ನೋಡಿತು. “ಅದು ವಾಟರ್ ಇಮೇಜು ಸಾರ್. ನಮ್ಮ ಪರೀಕ್ಷೆಗೆ ಇಲ್ಲ.”

ಬುದ್ಧಿವಂತ ಹುಡುಗಿ, ಸಂಶಯವಿಲ್ಲ. ಆದರೆ ನವೋದಯದ ಪ್ರಶ್ನೆಪತ್ರಿಕೆ ಅಳೆಯಲು ಹೊರಟದ್ದು ಏನನ್ನು? ಅಲ್ಲಿ 100 ಅಂಕಗಳಲ್ಲಿ 50 ‘ಮಾನಸಿಕ ಸಾಮರ್ಥ್ಯ’ಕ್ಕೆ, 25 ಅಂಕಗಣಿತಕ್ಕೆ, 25 ಭಾಷೆಗೆ. ಗುಂಪಿಗೆ ಸೇರದ ಚಿತ್ರ, ಕನ್ನಡಿಯ ಬಿಂಬ, ಮಡಚಿ ತೂತು ಹಾಕಿದ ಕಾಗದ ಬಿಚ್ಚಿದರೆ ಹೇಗೆ ಕಾಣುತ್ತದೆ ಎಂಬಂಥವು ಅರ್ಧ ಅಂಕ ತಿನ್ನುತ್ತವೆ. ಇದರ ಹಿಂದಿನ ಉದ್ದೇಶ ಒಳ್ಳೆಯದೇ. ಪುಸ್ತಕ ಸಿಗದ ಹಳ್ಳಿ ಮಗುವೂ ಉತ್ತರಿಸಲಿ, ಓದಿದ್ದಕ್ಕಿಂತ ಹುಟ್ಟು ಚುರುಕು ಕಾಣಲಿ ಎಂಬುದು. ಆದರೆ ಅಂಥ ಪ್ರಶ್ನೆಗಳ ಬಗೆ ಹತ್ತೇ. ಹತ್ತು ಬಗೆಯನ್ನು ಒಂದು ವರ್ಷ ತಿದ್ದಿಸಿದರೆ ಹುಟ್ಟು ಚುರುಕನ್ನು ಅಳೆಯುವ ಪ್ರಶ್ನೆ ತಿದ್ದಿದ ಕೈಯನ್ನು ಅಳೆಯುತ್ತದೆ. ತಿದ್ದಿಸುವುದಕ್ಕೆ ಫೀಸು ಇದೆ. ಫೀಸು ಕಟ್ಟುವ ಅಪ್ಪ ಯಾರು? ಅಡಿಕೆ ತೋಟ ಇರುವವನು, ಸಣ್ಣ ನೌಕರಿ ಇರುವವನು, ಇದನ್ನು ಹೇಳಬೇಕಾದದ್ದೇ, ಶಿಕ್ಷಕ ವೃತ್ತಿಯಲ್ಲಿರುವವನು. ಅವನೇನೂ ಶ್ರೀಮಂತನಲ್ಲ, ಅವನಿಗೂ ಸಾಲವಿದೆ. ಆದರೆ ಅವನ ಮನೆಯಲ್ಲಿ ಮಗುವಿಗೊಂದು ಚಾಪೆ, ಒಂದು ಬಲ್ಬು, ‘ಓದ್ಕೋ’ ಎನ್ನುವ ಒಂದು ಗದರಿಕೆ ಇದ್ದೇ ಇದೆ.

ನವೋದಯದಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 75 ಸೀಟು ಮೀಸಲು. ಕೇಳಲು ಚೆನ್ನಾಗಿದೆ. ಆದರೆ ನಿಯಮ ಏನು ಹೇಳುತ್ತದೆ ನೋಡಿ: ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಅದು ಸರ್ಕಾರಿ ಶಾಲೆಯೇ ಆಗಿರಬೇಕೆಂದಿಲ್ಲ, ಮಾನ್ಯತೆ ಇದ್ದರೆ ಸಾಕು. ಪಟ್ಟಣದಿಂದ ನಾಲ್ಕು ಕಿಲೋಮೀಟರ್ ಆಚೆ, ಪಂಚಾಯಿತಿ ಗಡಿಯೊಳಗೆ ಹೈವೇ ಪಕ್ಕ ಇರುವ ಖಾಸಗಿ ಶಾಲೆಯ ಹಳದಿ ಬಸ್ಸು ಬೆಳಿಗ್ಗೆ ಪಟ್ಟಣದ ಮಕ್ಕಳನ್ನು ಹಳ್ಳಿಗೆ ಕರೆದೊಯ್ದು ಸಂಜೆ ಪಟ್ಟಣಕ್ಕೆ ಬಿಡುತ್ತದೆ. ಕಾಗದದ ಮೇಲೆ ಅವರು ಗ್ರಾಮೀಣ ಮಕ್ಕಳು. ನಿಯಮ ಮುರಿದವರು ಯಾರೂ ಇಲ್ಲ.

ಇನ್ನು ಎದುರು ಬದಿಯ ಮಗುವನ್ನು ನೋಡೋಣ. ಹೊಳಲ್ಕೆರೆ, ಹೊಸದುರ್ಗದ ಲಂಬಾಣಿ ತಾಂಡಾಗಳಿಂದ ಕಾಫಿ ಕೊಯ್ಲಿಗೆ ಚಿಕ್ಕಮಗಳೂರು, ಮೂಡಿಗೆರೆ ಕಡೆಗೆ, ಕಬ್ಬು ಕಡಿಯಲು ಮಂಡ್ಯದ ಕಡೆಗೆ ಹೋಗುವವರನ್ನು ನೀವು ಬಲ್ಲಿರಿ. ಕಾಫಿ ಕೊಯ್ಲು ನವೆಂಬರಿನಲ್ಲಿ ಏರುತ್ತದೆ, ಫೆಬ್ರವರಿ ಮಾರ್ಚಿನವರೆಗೂ ಕೆಲಸವಿರುತ್ತದೆ. ಅಜ್ಜಿ ಗಟ್ಟಿ ಇದ್ದರೆ ಮಗು ತಾಂಡಾದಲ್ಲಿ ಉಳಿಯುತ್ತದೆ. ಇಲ್ಲವಾದರೆ ಲೈನ್ ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಇದೆ, ಮಗು ಮೂಡಿಗೆರೆಯಲ್ಲಿದೆ. ನಮ್ಮ ಪ್ರವೇಶ ಪರೀಕ್ಷೆಗಳು ಬರುವುದೂ ಇದೇ ತಿಂಗಳುಗಳಲ್ಲಿ. ಮೂರು ಹೊತ್ತು ಊಟ, ಒಂದು ಮಂಚ, ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಜಿಲ್ಲೆಯಲ್ಲಿ ಯಾವ ಮಗುವಿಗೆ ಎಲ್ಲರಿಗಿಂತ ಮೊದಲು ಬೇಕೋ, ಅದೇ ಮಗು ಪರೀಕ್ಷೆಯ ದಿನ ಊರಲ್ಲಿ ಇರುವುದಿಲ್ಲ.

ಸರ್ಕಾರಕ್ಕೆ ಇದು ತಿಳಿದಿಲ್ಲ ಎನ್ನಲಾಗದು. ಮೀಸಲಾತಿ ಇದೆ, ಆದಾಯದ ಮಿತಿ ಇದೆ. ಕ್ರೈಸ್ ಶಾಲೆಗಳಲ್ಲಿ ಕೆಲವು ವಿಶೇಷ ವರ್ಗದ ಮಕ್ಕಳಿಗೆ, ಉದಾಹರಣೆಗೆ ದೇವದಾಸಿಯರ ಮಕ್ಕಳಿಗೆ, ಅನಾಥ ಮಕ್ಕಳಿಗೆ, ಪರೀಕ್ಷೆಯಿಲ್ಲದೆ ನೇರ ಪ್ರವೇಶದ ದಾರಿಯೂ ಇದೆ. ಅಂದರೆ ಪರೀಕ್ಷೆ ಎಲ್ಲರಿಗೂ ಹೊಂದದು ಎಂದು ಸರ್ಕಾರವೇ ಒಪ್ಪಿಕೊಂಡಿದೆ. ನಾನು ಕೇಳುವುದು ಆ ಒಪ್ಪಿಗೆಯನ್ನು ಇನ್ನಷ್ಟು ಹಿಗ್ಗಿಸಿ ಎಂದು ಮಾತ್ರ.

ಆಯ್ಕೆಯಾದ ಮಕ್ಕಳು ಹೊರಟ ಮೇಲೆ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏನಾಗುತ್ತದೆ ಎಂಬುದನ್ನು ಯಾವ ಸಚಿವರೂ ಉದ್ಘಾಟನಾ ಭಾಷಣದಲ್ಲಿ ಹೇಳುವುದಿಲ್ಲ. ಐದನೇ ತರಗತಿಯಲ್ಲಿ ಹದಿನಾಲ್ಕು ಮಕ್ಕಳು ಇದ್ದಾರೆ ಎಂದುಕೊಳ್ಳಿ. ಇಬ್ಬರು ಮೊರಾರ್ಜಿಗೆ, ಒಬ್ಬ ಆದರ್ಶಕ್ಕೆ, ಮೂವರು ‘ಇಲ್ಲಿ ಇನ್ನು ಯಾರಿದ್ದಾರೆ’ ಎಂದು ಖಾಸಗಿ ಶಾಲೆಗೆ. ಆರನೇ ತರಗತಿ ಎಂಟಕ್ಕೆ ಇಳಿಯಿತು. ದಾಖಲಾತಿ ಇಳಿದರೆ ಶಿಕ್ಷಕರ ಹುದ್ದೆಯ ಲೆಕ್ಕ ಇಳಿಯುತ್ತದೆ. ಒಬ್ಬ ಮೇಷ್ಟ್ರು ‘ಹೆಚ್ಚುವರಿ’ ಪಟ್ಟಿಗೆ ಬಿದ್ದು, ಕೌನ್ಸೆಲಿಂಗಿಗೆ ಹೋಗಿ, ಬೇರೆ ಊರು ಸೇರುತ್ತಾರೆ. ಹಾಗೆ ಹೋಗುವವರು ಗಣಿತ ಹೇಳುವವರಾದರೆ ಉಳಿದ ಎಂಟು ಮಕ್ಕಳಿಗೆ ಏಳನೇ ತರಗತಿಯ ಬೀಜಗಣಿತವನ್ನು ಕನ್ನಡದ ಮೇಷ್ಟ್ರು ಹೇಳಬೇಕು, ಅಥವಾ ಜುಲೈ ಆಗಸ್ಟಿನಲ್ಲಿ ಬರುವ ಅತಿಥಿ ಶಿಕ್ಷಕರನ್ನು ಕಾಯಬೇಕು.

ಮಕ್ಕಳ ಜೊತೆ ಅಪ್ಪಂದಿರೂ ಹೋಗುತ್ತಾರೆ. ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ‘ಕಾಂಪೌಂಡ್ ದುಡ್ಡು ಎಲ್ಲಿ ಹೋಯಿತು’ ಎಂದು ಕೇಳುತ್ತಿದ್ದವನು, ಬಿಸಿಯೂಟದ ಬೇಳೆಯನ್ನು ಸೌಟಿನಲ್ಲಿ ಎತ್ತಿ ನೋಡುತ್ತಿದ್ದವನು, ಬಿಇಒ ಕಚೇರಿಗೆ ನಾಲ್ಕು ಸಲ ಅಲೆದು ಶಿಕ್ಷಕರನ್ನು ಹಾಕಿಸಿಕೊಂಡು ಬಂದವನು ಇವರ ಪೈಕಿಯೇ ಒಬ್ಬ. ಈಗ ಅವನ ಮಗ ಅಲ್ಲಿಲ್ಲ. ಎಸ್‌ಡಿಎಂಸಿ ಎಂಬ ಈ ಪೋಷಕರ ಸಮಿತಿಗಳು ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸಿನಿಂದ ಹುಟ್ಟಿದಾಗ ಊರೇ ಶಾಲೆಯನ್ನು ಕಾಯುತ್ತದೆ ಎಂಬ ನಂಬಿಕೆ ಇತ್ತು. ಊರಿನ ಬಾಯಿ ಇದ್ದವರನ್ನೆಲ್ಲ ಬೇರೆ ಗೇಟಿಗೆ ಕಳಿಸಿಬಿಟ್ಟರೆ ಕಾಯುವವರು ಯಾರು?

ನನ್ನ ಮಿತ್ರರಾದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಇದರಲ್ಲಿ ಇಬ್ಬಂದಿ ಇದೆ. ‘ನಮ್ಮ ಶಾಲೆಯಿಂದ ಈ ಸಲ ನಾಲ್ಕು ಜನ ಮೊರಾರ್ಜಿಗೆ’ ಎಂಬ ಬ್ಯಾನರನ್ನು ಗೇಟಿಗೆ ಅವರೇ ಕಟ್ಟುತ್ತಾರೆ. ಖುಷಿಯಿಂದಲೇ ಕಟ್ಟುತ್ತಾರೆ. ಶಾಲೆಗೆ ಹೆಸರು ಬರುವುದು ಮಕ್ಕಳು ಶಾಲೆ ಬಿಟ್ಟು ಹೋದದ್ದಕ್ಕೆ! ನಮ್ಮ ಜಿಲ್ಲೆಗೆ ಅಂಕಿಗಳ ಮೋಹ ಸ್ವಲ್ಪ ಹೆಚ್ಚೇ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಾಗ ಸಿಹಿ ಹಂಚಿದ್ದೆವು. ಮರು ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಉಡುಪಿ ಮೊದಲಾಯಿತು, ನಾವು ಎಲ್ಲೋ ಕೆಳಗೆ ಹೋದೆವು. ಅಂಕಪಟ್ಟಿಯನ್ನು ನೋಡಿ ಶಾಲೆಯನ್ನು ಅಳೆಯುವವರು ಈ ಎರಡು ವರ್ಷಗಳನ್ನು ಜೊತೆಗಿಟ್ಟು ಒಮ್ಮೆ ನೋಡಬೇಕು.

ಈ ಜಿಲ್ಲೆಯಲ್ಲಿ ಇನ್ನೊಂದು ಪರಂಪರೆ ಇತ್ತು, ಈಗಲೂ ಇದೆ. ಬಡ ಹುಡುಗನಿಗೆ ಓದು ಸಿಗುವಂತೆ ಮಾಡಲು ನಮ್ಮ ಹಿರಿಯರು ಮೊದಲು ಕಟ್ಟಿದ್ದು ಆಯ್ದವರ ಶಾಲೆಯನ್ನಲ್ಲ, ಹಾಸ್ಟೆಲ್ಲನ್ನು. ಚಿತ್ರದುರ್ಗದ ಬೃಹನ್ಮಠದ ಜಯದೇವ ಸ್ವಾಮಿಗಳು ಕಳೆದ ಶತಮಾನದ ಮೊದಲ ಭಾಗದಲ್ಲಿ ನಾಡಿನ ಹಲವು ಊರುಗಳಲ್ಲಿ ಉಚಿತ ವಿದ್ಯಾರ್ಥಿ ನಿಲಯಗಳನ್ನು ತೆರೆದರು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಹಳ್ಳಿಗಳಲ್ಲೇ ಪ್ರೌಢಶಾಲೆ ತೆರೆದು ಪಕ್ಕದಲ್ಲಿ ಊಟ, ವಸತಿ ಇಟ್ಟರು. ಸರ್ಕಾರದ ಹಾಸ್ಟೆಲ್ಲುಗಳು ಬಂದವು, ಅರಸು ಕಾಲದಲ್ಲಿ ಮತ್ತೂ ಹರಡಿದವು. ಮಠದ ಹಾಸ್ಟೆಲ್ಲಿಗೆ ಜಾತಿಯ ಗೋಡೆ ಇತ್ತು, ಎಲ್ಲರಿಗೂ ಒಂದೇ ತಟ್ಟೆ ಸಿಗಲಿಲ್ಲ. ಸರ್ಕಾರಿ ಹಾಸ್ಟೆಲ್ಲಿನ ಅನ್ನದಲ್ಲಿ ಹುಳ ಇತ್ತು, ವಾರ್ಡನ್ ಇರುತ್ತಿರಲಿಲ್ಲ.  ಇಷ್ಟಾದರೂ ಆ ವ್ಯವಸ್ಥೆಯಲ್ಲಿ ಒಂದು ವಿವೇಕವಿತ್ತು. ಹಾಸ್ಟೆಲ್ ಹುಡುಗ ಬೆಳಿಗ್ಗೆ ತಟ್ಟೆ ತೊಳೆದಿಟ್ಟು ನಡೆದು ಹೋಗುತ್ತಿದ್ದದ್ದು ಊರಿನವರ ಮಕ್ಕಳೂ ಓದುವ ಶಾಲೆಗೆ. ಅಮಲ್ದಾರರ ಮಗನ ಪಕ್ಕ, ಅಂಗಡಿ ಶೆಟ್ಟರ ಮಗನ ಪಕ್ಕ ಹಟ್ಟಿ ಹುಡುಗ ಕೂತ. ಒಳಗೆ ಸೇರಿಸಿಕೊಳ್ಳುವಾಗ ಕೇಳುತ್ತಿದ್ದದ್ದು ಮುಖ್ಯವಾಗಿ ಒಂದೇ ಪ್ರಶ್ನೆ, ‘ನಿಮ್ಮೂರಲ್ಲಿ ಹೈಸ್ಕೂಲ್ ಇಲ್ವಾ? ಮನೇಲಿ ಕಷ್ಟವಾ?’ ಅಗತ್ಯ ಇದ್ದವನಿಗೆ ಮಂಚ, ಎಲ್ಲರಿಗೂ ಸೇರಿ ಒಂದು ಶಾಲೆ.

ಆ ಎಳೆ ಕಡಿದದ್ದು 1980ರ ದಶಕದಲ್ಲಿ. ಕೊಠಾರಿ ಆಯೋಗ 1966ರಲ್ಲಿ ನೆರೆಹೊರೆಯ ಶಾಲೆ, ಸಮಾನ ಶಾಲಾ ಪದ್ಧತಿ ಎಂದು ಬರೆದಿಟ್ಟದ್ದು ಕಪಾಟಿನಲ್ಲಿ ಉಳಿಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ರಾಜೀವ್ ಗಾಂಧಿ ಸರ್ಕಾರ ನವೋದಯವನ್ನು ಸುತ್ತಲಿನ ಶಾಲೆಗಳಿಗೆ ದಾರಿ ತೋರುವ ಮಾದರಿ ಶಾಲೆ ಎಂದು ತಂದಿತು. ಆಚಾರ್ಯ ರಾಮಮೂರ್ತಿ ಸಮಿತಿ 1990ರಲ್ಲಿ ಇದರ ಬಗ್ಗೆ ಗಂಭೀರ ಆಕ್ಷೇಪ ಎತ್ತಿತು. 1992ರಲ್ಲಿ ನೀತಿ ತಿದ್ದುಪಡಿಯಾದಾಗ ಆಕ್ಷೇಪ ಹಿಂದೆ ಸರಿಯಿತು, ನವೋದಯ ಉಳಿಯಿತು. ಪಕ್ಕದ ತಮಿಳುನಾಡು ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ, ಅದು ಹಿಂದಿಯ ಕಾರಣಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ವಿಚಿತ್ರ. ಮಗುವನ್ನು ಸೇರಿಸಿಕೊಳ್ಳುವಾಗ ಯಾವ ಜರಡಿಯೂ ಬೇಡ, ಚೀಟಿ ಎತ್ತುವುದೊಂದನ್ನು ಬಿಟ್ಟು ಬೇರೆ ಯಾವ ಆಯ್ಕೆಯೂ ಜರಡಿಯೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಾಯ್ದೆ ನವೋದಯ, ಕೇಂದ್ರೀಯ ವಿದ್ಯಾಲಯ, ಸೈನಿಕ ಶಾಲೆಗಳನ್ನು ‘ನಿರ್ದಿಷ್ಟ ವರ್ಗ’ ಎಂದು ಬೇರೆ ಮಾಡಿ ಹೆಸರಿಸುತ್ತದೆ. ಕಾಯ್ದೆ ಬಂದು ಹದಿನೈದು ವರ್ಷ ದಾಟಿದರೂ ನವೋದಯದ ಪರೀಕ್ಷೆ ನಿಂತಿಲ್ಲ. 2024ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಇನ್ನೂ 28 ನವೋದಯಗಳಿಗೆ ಒಪ್ಪಿಗೆ ಕೊಟ್ಟಿದೆ.

ಈ ಜಗಳ ನಮ್ಮದೊಂದೇ ದೇಶದ್ದಲ್ಲ. ಇಂಗ್ಲೆಂಡಿನಲ್ಲಿ 1944ರ ಕಾಯ್ದೆಯ ನಂತರ ಹನ್ನೊಂದು ವರ್ಷಕ್ಕೆ ಪರೀಕ್ಷೆ ಮಾಡಿ, ಗೆದ್ದವರನ್ನು ಗ್ರಾಮರ್ ಸ್ಕೂಲಿಗೂ ಸೋತವರನ್ನು ಬೇರೆ ಶಾಲೆಗೂ ಕಳಿಸುವ ಪದ್ಧತಿ ಇತ್ತು. 1965ರಲ್ಲಿ ಲೇಬರ್ ಸರ್ಕಾರ ಇದನ್ನು ಬಿಡಿಸಲು ಸುತ್ತೋಲೆ ಹೊರಡಿಸಿತು. 1998ರಲ್ಲಿ ಹೊಸದನ್ನು ತೆರೆಯದಂತೆ ಕಾನೂನೇ ಆಯಿತು. ಉಳಿದವು 163. 2016ರಲ್ಲಿ ಪ್ರಧಾನಿ ತೆರೇಸಾ ಮೇ ಮತ್ತೆ ವಿಸ್ತರಿಸುತ್ತೇನೆ ಎಂದರು, ಬಡ ಮಕ್ಕಳಿಗೆ ಏಣಿ ಎಂಬುದೇ ಅವರ ವಾದ. ಎದುರಾಳಿಗಳು ಅಂಕಿ ತೋರಿಸಿದರು: ಆ ಶಾಲೆಗಳಲ್ಲಿ ಉಚಿತ ಊಟಕ್ಕೆ ಅರ್ಹರಾದ ಬಡ ಮಕ್ಕಳು ನೂರಕ್ಕೆ ಮೂವರೂ ಇಲ್ಲ. ಮರುವರ್ಷದ ಚುನಾವಣೆಯಲ್ಲಿ ಬಹುಮತ ಹೋಯಿತು, ಯೋಜನೆಯೂ ಹೋಯಿತು. ಫಿನ್ಲೆಂಡ್ 1970ರ ದಶಕದಲ್ಲಿ ಹನ್ನೊಂದರ ಹೊತ್ತಿಗೆ ಮಕ್ಕಳನ್ನು ಬೇರೆ ಮಾಡುವುದನ್ನೇ ಬಿಟ್ಟಿತು. ಅದನ್ನು ಅವರು ಶುರು ಮಾಡಿದ್ದು ರಾಜಧಾನಿಯಿಂದಲ್ಲ, 1972ರಲ್ಲಿ ಉತ್ತರದ ತುದಿಯ ಲ್ಯಾಪ್‌ಲ್ಯಾಂಡಿನಿಂದ. ನಮ್ಮ ಲೆಕ್ಕದಲ್ಲಿ ಮೊಳಕಾಲ್ಮೂರಿನಿಂದ ಶುರು ಮಾಡಿ ಬೆಂಗಳೂರಿಗೆ ಕೊನೆಗೆ ಬಂದಂತೆ.

ನಮ್ಮಲ್ಲಿ ಇದು ಪಕ್ಷಗಳ ನಡುವಿನ ಜಗಳವೇ ಆಗಿಲ್ಲ. ವಸತಿ ಶಾಲೆ ಬೇಡ ಎಂದ ಪಕ್ಷ ಇಲ್ಲ. ವಿಧಾನಸಭೆಯಲ್ಲಿ ಶಾಸಕರು ಕೇಳುವುದು ‘ನನ್ನ ಕ್ಷೇತ್ರಕ್ಕೆ ಯಾವಾಗ’ ಎಂದು. ಹೊಳಲ್ಕೆರೆಯನ್ನು ಪ್ರತಿನಿಧಿಸಿದ್ದ ಎಚ್. ಆಂಜನೇಯ ಅವರು 2013ರಿಂದ 2018ರವರೆಗೆ ಸಮಾಜ ಕಲ್ಯಾಣ ಸಚಿವರಾಗಿದ್ದರು. ಈ ಶಾಲೆಗಳ ಖಾತೆ ಅದೇ. ಹೋಬಳಿಗೊಂದು ವಸತಿ ಶಾಲೆ ಎಂಬ ಗುರಿ ಅಂದಿನಿಂದ ಬಜೆಟ್ ಭಾಷಣಗಳಲ್ಲಿ ಹಲವು ಸಲ ಬಂದಿದೆ. ಶಾಸಕರ ಕಷ್ಟವೂ ಅರ್ಥವಾಗುವಂಥದ್ದೇ. ಅರವತ್ತು ಹಳ್ಳಿ ಶಾಲೆಗಳಿಗೆ ಒಬ್ಬೊಬ್ಬ ಗಣಿತ ಶಿಕ್ಷಕರನ್ನು ಹಾಕಿಸಿದರೆ ಫೋಟೋಕ್ಕೆ ಏನೂ ಸಿಗದು. ಹತ್ತು ಎಕರೆಯಲ್ಲಿ ಮೂರಂತಸ್ತಿನ ಕಟ್ಟಡ, ಕಮಾನು, ಶಿಲಾಫಲಕ ಹಾಗಲ್ಲ.

ಹೊಸ ಗದ್ದಲ ಕರ್ನಾಟಕ ಪಬ್ಲಿಕ್ ಶಾಲೆಗಳದ್ದು. 2025–26ರ ಬಜೆಟ್ಟಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 500 ಹೊಸ ಕೆಪಿಎಸ್ ಎಂದಾಯಿತು. ಅಕ್ಕಪಕ್ಕದ ಸಣ್ಣ ಶಾಲೆಗಳನ್ನು ಇದಕ್ಕೆ ಸೇರಿಸಿ ಮುಚ್ಚುತ್ತಾರೆ ಎಂದು ಎಐಡಿಎಸ್‌ಒ ಮತ್ತಿತರ ಸಂಘಟನೆಗಳು ಬೀದಿಗಿಳಿದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳಿದರು. ನನಗೆ ಕೆಪಿಎಸ್ ಬಗ್ಗೆ ಅನುಮಾನಗಳಿವೆ, ಆರು ವರ್ಷದ ಮಗುವನ್ನು ಆರು ಕಿಲೋಮೀಟರ್ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಒಂದು ಮಾತು ಅದರ ಪರವಾಗಿ ಹೇಳಲೇಬೇಕು. ಅಲ್ಲಿ ಬಂದವರಿಗೆಲ್ಲ ಬಾಗಿಲು ತೆರೆದಿದೆ. ಅದು ದೊಡ್ಡದಾದಷ್ಟೂ ಹೆಚ್ಚು ಮಕ್ಕಳು ಒಳಗೆ ಬರುತ್ತಾರೆ, ಹೊರಗೆ ಉಳಿದವರು ‘ಸೋತವರು’ ಆಗುವುದಿಲ್ಲ.

ಈಗ ನನ್ನ ನಿಲುವು. ಉಡುವಳ್ಳಿಯ ನವೋದಯವನ್ನು ಇದ್ದಂತೆ ಬಿಡಿ. ಇಡೀ ಜಿಲ್ಲೆಯಿಂದ ವರ್ಷಕ್ಕೆ 80 ಮಕ್ಕಳು ಹೋದರೆ ಯಾವ ಹಳ್ಳಿ ಶಾಲೆಯೂ ಬರಿದಾಗುವುದಿಲ್ಲ. ಅಲ್ಲಿಗೆ ಹೋದ ಮಕ್ಕಳಲ್ಲಿ ಕೆಲವರು ಒಂಬತ್ತನೇ ತರಗತಿಯಲ್ಲಿ ಹಿಂದಿ ಸೀಮೆಗೆ ಒಂದು ವರ್ಷ ಹೋಗಿ ಬರುವುದೂ ಒಂದು ಅನುಭವವೇ. ತೊಂದರೆ ಬರುವುದು ಅದೇ ಪರೀಕ್ಷೆಯನ್ನು ಹೋಬಳಿಯ ಮಟ್ಟಕ್ಕೆ ಇಳಿಸಿದಾಗ. ಒಂದು ಹೋಬಳಿಯಲ್ಲಿ ಐದನೇ ತರಗತಿಯ ಮಕ್ಕಳು 500 ಎಂದು ಇಟ್ಟುಕೊಂಡರೆ, ವಸತಿ ಶಾಲೆ ಎತ್ತಿಕೊಳ್ಳುವುದು 50. ಹತ್ತರಲ್ಲಿ ಒಬ್ಬರು, ಅದೂ ಅಂಕದಲ್ಲಿ ಮೇಲಿನ ಹತ್ತರಲ್ಲಿ ಒಬ್ಬರು, ಪ್ರತಿ ವರ್ಷ, ಪ್ರತಿ ಊರಿನಿಂದ. ಅಷ್ಟು ಹತ್ತಿರದಲ್ಲಿ, ಅಷ್ಟು ಬಿಡುವಿಲ್ಲದೆ ಕೆನೆ ತೆಗೆದರೆ ಉಳಿದ ಹಾಲಿನ ಗತಿ ಏನು ಎಂದು ಹೈನು ಕಟ್ಟಿದ ಮನೆಯವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪ್ರತಿ ಹೋಬಳಿಗೂ ಒಂದಿರುವಂತಾದ ಶಾಲೆ ಅಪರೂಪದ್ದೂ ಅಲ್ಲ, ಅಲ್ಲಿಗೆ ಅಪರೂಪದ ಮಕ್ಕಳನ್ನೇ ಹುಡುಕಬೇಕಾದ ಕಾರಣವೂ ಇಲ್ಲ.

ಆದ್ದರಿಂದ ಹೋಬಳಿ ವಸತಿ ಶಾಲೆಗಳು ಬರಲಿ, ಬೇಗ ಬರಲಿ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಇರುವ ಹಣದಲ್ಲಿ ನಮ್ಮ ಜಿಲ್ಲೆಗೂ ಪಾಲಿದೆ, ಭೀಮಸಮುದ್ರದ ಕಡೆ ಲಾರಿ ಧೂಳು ಕುಡಿದ ಊರುಗಳಿಂದಲೇ ಶುರು ಮಾಡಬಹುದು. ಆದರೆ ಅವಕ್ಕೆ ಪ್ರವೇಶ ಪರೀಕ್ಷೆ ಬೇಡ. ಮೊದಲ ಸಾಲು ಗುಳೆ ಹೋಗುವ ಮನೆಯ ಮಕ್ಕಳಿಗೆ. ಋತುಮಾನ ಹಾಸ್ಟೆಲ್ಲುಗಳೆಂದು ಆಗಾಗ ನಡೆಯುವ ತಾತ್ಕಾಲಿಕ ಏರ್ಪಾಟಿಗಿಂತ ಇದು ಸಾವಿರ ಪಾಲು ಮೇಲು. ನಂತರ ಒಂಟಿ ತಾಯಿಯ ಮಕ್ಕಳು, ಶಾಲೆ ಬಿಟ್ಟು ಮರಳಿದವರು, ಆರನೇ ತರಗತಿಗೆ ನಡೆಯುವ ದೂರದಲ್ಲಿ ಶಾಲೆಯೇ ಇಲ್ಲದ ಹಟ್ಟಿಯವರು. ಉಳಿದ ಸೀಟಿಗೆ ಚೀಟಿ. ಇನ್ನೊಂದು ಮಾತು: ಜಾಗವಿರುವ ಕಡೆ ಹೊಸ ಕಟ್ಟಡದ ಬದಲು ಈಗಿರುವ ಸರ್ಕಾರಿ ಪ್ರೌಢಶಾಲೆಯ ಪಕ್ಕದಲ್ಲೇ ನಿಲಯ ಕಟ್ಟಿ, ಮಂಚದ ಮಕ್ಕಳೂ ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಲಿ. ಆಗ ವಸತಿ ಶಾಲೆಗೆಂದು ಬರುವ ಪೂರ್ಣಾವಧಿ ಗಣಿತ, ವಿಜ್ಞಾನ ಶಿಕ್ಷಕರು ಊರಿನ ಮಕ್ಕಳಿಗೂ ಸಿಗುತ್ತಾರೆ.

ಈ ಮಾತನ್ನು ನಾನು ಹೇಳಿದಲ್ಲೆಲ್ಲ ಎದ್ದ ಆಕ್ಷೇಪಣೆ ಒಂದೇ, ಮತ್ತು ಅದು ಗಟ್ಟಿಯಾದದ್ದು. ಹೊಸದುರ್ಗದಲ್ಲಿ ನಡೆದ ಒಂದು ಪೋಷಕರ ಸಭೆಯಲ್ಲಿ ತಾಂಡಾದ ತಾಯಿಯೊಬ್ಬರು ಎದ್ದು ನಿಂತು ಹೇಳಿದರು: “ಮೇಷ್ಟ್ರೆ, ಪರೀಕ್ಷೆ ಇದ್ರೆ ನನ್ ಮಗಳು ಬರೀತಾಳೆ, ಬಂದ್ರೆ ಬಂತು. ಪಟ್ಟಿ ಮಾಡಾದು ಅಂದ್ರೆ ಮೆಂಬರ ಮನೆ ಬಾಗ್ಲಿಗೆ ನಾನು ಹೋಗ್ಬೇಕಾಯ್ತದೆ.” ಸಭೆ ಸುಮ್ಮನಾಯಿತು. ಬಿಪಿಎಲ್ ಕಾರ್ಡು, ಆಶ್ರಯ ಮನೆ, ಬೋರ್‌ವೆಲ್ ಪಟ್ಟಿಗಳನ್ನು ಕಂಡ ಊರಿನಲ್ಲಿ ಆ ಹೆಂಗಸಿನ ಅಂಜಿಕೆಯನ್ನು ತಳ್ಳಿಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಪರೀಕ್ಷೆಯ ನಿಜವಾದ ಬಲ ಇರುವುದು ಅಲ್ಲೇ. ಒಎಂಆರ್ ಯಂತ್ರ ಯಾರ ಮಗಳು ಎಂದು ಕೇಳುವುದಿಲ್ಲ.

ನನ್ನ ಉತ್ತರ ಪೂರ್ತಿ ತೃಪ್ತಿಕರ ಅಲ್ಲ, ಆದರೂ ಹೇಳುತ್ತೇನೆ. ಪಟ್ಟಿಯನ್ನು ಮೆಂಬರು ಮಾಡಬಾರದು. ಐದನೇ ತರಗತಿಯ ಹಾಜರಿ ಪುಸ್ತಕವೇ ಪಟ್ಟಿ. ನವೆಂಬರಿನಿಂದ ಫೆಬ್ರವರಿವರೆಗೆ ಯಾವ ಹೆಸರಿನ ಮುಂದೆ ಗೈರು ಬಿದ್ದಿದೆಯೋ ಅದನ್ನು ತಿದ್ದಿ ಬರೆಯುವುದು ಕಷ್ಟ, ಏಕೆಂದರೆ ಅದು ಬಿಸಿಯೂಟದ ಲೆಕ್ಕಕ್ಕೂ ತಾಳೆಯಾಗಬೇಕು. ಶಾಲೆಯ ಪಟ್ಟಿಯನ್ನು ಎಸ್‌ಡಿಎಂಸಿ ಎದುರು ಗಟ್ಟಿಯಾಗಿ ಓದಲಿ. ತಾಂಡಾದವರು ಊರಿಗೆ ಮರಳಿದ ಮೇಲೆ, ಯುಗಾದಿ ಕಳೆದು, ಗ್ರಾಮಸಭೆಯಲ್ಲಿ ಇನ್ನೊಮ್ಮೆ ಓದಲಿ. ಚೀಟಿಯನ್ನು ಅಂಗನವಾಡಿಯ ಮಗು ಎಲ್ಲರ ಕಣ್ಣೆದುರು ಎತ್ತಲಿ. ಇದರಲ್ಲೂ ಮೋಸ ನಡೆಯಬಹುದು. ಆದರೆ ಗ್ರಾಮಸಭೆಯಲ್ಲಿ ಓದಿದ ಸುಳ್ಳು ಹೆಸರನ್ನು ಆ ತಾಯಿ ಎದ್ದು ನಿಂತು ಪ್ರಶ್ನಿಸಬಹುದು. ಕೋಚಿಂಗ್ ಇಲ್ಲದ ಕಾರಣಕ್ಕೆ ಮಗಳಿಗೆ ತಪ್ಪಿದ ನಾಲ್ಕು ಅಂಕವನ್ನು ಅವರು ಯಾರ ಬಳಿ ಹೋಗಿ ಪ್ರಶ್ನಿಸಬೇಕು? ರ‍್ಯಾಂಕು ಪಟ್ಟಿಯ ಕೆಳಗೆ ಸಹಾಯವಾಣಿಯ ನಂಬರು ಇರುತ್ತದೆ, ಅಷ್ಟೆ.

ಮುಂದಿನ ಪ್ರವೇಶದ ಸುತ್ತೋಲೆ ಬರುವ ಮೊದಲು ಜಿಲ್ಲೆಯ ಒಂದೇ ಒಂದು ಹೋಬಳಿಯಲ್ಲಿ ಇದನ್ನು ಪ್ರಯೋಗವಾಗಿ ಮಾಡಿ ನೋಡಲು ಸಮಾಜ ಕಲ್ಯಾಣ ಇಲಾಖೆಗೆ ಮನವಿ ಬರೆದಿದ್ದೇನೆ. ಪ್ರತಿಗಳನ್ನು ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದೆ. ಒಪ್ಪುವವರು ಸಹಿ ಹಾಕಬಹುದು. ಒಪ್ಪದವರು ಅದರ ಹಿಂಬದಿಯಲ್ಲಿ ಯಾಕೆ ಎಂದು ಬರೆದು ಕೊಟ್ಟರೆ ಅದನ್ನೂ ಲಗತ್ತಿಸಿ ಕಳಿಸುತ್ತೇನೆ.